ದುಂಡಗೆ ಕಡೆದ ಬಟ್ಟಲು ಸೊಟ್ಟಗಾಗುವುದೇಕೆ?

ಮುಂಗಾರಿನ ಮೊದಲ ಬಿರುಗಾಳಿಗೆ ಪುಣೆಯ ಬೀದಿಗಳಲ್ಲಿ ಮಾವು, ಗುಲ್‌ಮೊಹರ್, ಮಳೆಮರಗಳು ಉರುಳುತ್ತವೆ. ಲೇತ್, ಅಂದರೆ ಮರವನ್ನು ತಿರುಗಿಸುತ್ತ ಉಳಿಯಿಂದ ಕಡೆಯುವ ಯಂತ್ರ, ಇಟ್ಟುಕೊಂಡಿರುವ ಹವ್ಯಾಸಿಗಳಿಗೆ ಅದೇ ಸುಗ್ಗಿ. ಹಸಿ ಮರ ಉಳಿಗೆ ಸುಲಭವಾಗಿ ಬಗ್ಗುತ್ತದೆ, ಧೂಳೆಬ್ಬಿಸದೆ ಉದ್ದುದ್ದ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ದುಂಡಗೆ ಕಡೆದ ಬಟ್ಟಲು ಕೆಲವೇ ವಾರಗಳಲ್ಲಿ ಅಂಡಾಕಾರಕ್ಕೆ ತಿರುಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಇಲ್ಲಿನ ನಮ್ಮ ಕನ್ನಡ ಬಳಗದ ಹಿರಿಯರು ಇದಕ್ಕೆ ಕೊಡುವ ಕಾರಣ ಒಂದೇ: ಅಮಾವಾಸ್ಯೆಗೆ ಕಡಿದ ಮರವಾಗಿದ್ದರೆ ಹೀಗಾಗುತ್ತಿರಲಿಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಜವಾದ ಕಾರಣ ಇದಕ್ಕಿಂತ ಎಷ್ಟೋ ಸೊಗಸಾದದ್ದು. ಮರ ಒಣಗುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿ ಹೇಳಬಹುದಾದದ್ದು.

ಮರದ ನೀರು ಎರಡು ಕಡೆ ಇರುತ್ತದೆ: ಜೀವಕೋಶದ ಪೊಳ್ಳಿನಲ್ಲಿ ಮತ್ತು ಕೋಶದ ಗೋಡೆಯಲ್ಲಿ. ಆಗ ತಾನೆ ಕಡಿದ ದಿಮ್ಮಿಯಲ್ಲಿ ಪೊಳ್ಳಿನ ನೀರೇ ಹೆಚ್ಚು. ಅದು ಪೂರ್ತಿ ಆರಿಹೋದರೂ ಮರ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಒಣ ಮರದ ತೂಕಕ್ಕೆ ಹೋಲಿಸಿದಾಗ ತೇವ ಸುಮಾರು ಶೇ 30ಕ್ಕಿಂತ ಕೆಳಗಿಳಿದ ಮೇಲೆ ಗೋಡೆಯೊಳಗಿನ ನೀರು ಹೊರಡುತ್ತದೆ, ನಿಜವಾದ ಆಟ ಆಗ ಶುರುವಾಗುತ್ತದೆ. ಗೋಡೆಯಲ್ಲಿರುವುದು ಸೆಲ್ಯುಲೋಸ್‌ನ ಅತಿ ಸೂಕ್ಷ್ಮ ಎಳೆಗಳು. ಬಹುಪಾಲು ಎಳೆಗಳು ಕಾಂಡದ ಉದ್ದಕ್ಕೇ ಚಾಚಿಕೊಂಡಿವೆ, ನೀರು ಅವುಗಳ ನಡುವೆ ಸೇರಿಕೊಂಡಿದೆ. ಗಂಜಿಯಲ್ಲಿ ಅದ್ದಿದ ಕಡ್ಡಿಪೊರಕೆ ಒಣಗುವಾಗ ಕಟ್ಟು ಸಣ್ಣಗಾಗುತ್ತದೆಯೇ ಹೊರತು ಗಿಡ್ಡವಾಗುವುದಿಲ್ಲ. ಮರವೂ ಹಾಗೆಯೇ. ಉದ್ದಕ್ಕೆ ಅದು ಕುಗ್ಗುವುದು ಶೇ 0.1ರಿಂದ 0.2ರಷ್ಟು ಮಾತ್ರ. ಅಡ್ಡಕ್ಕೆ ಹತ್ತಾರು ಪಟ್ಟು ಹೆಚ್ಚು.

ಅಡ್ಡಕ್ಕೆ ಕುಗ್ಗುವುದಾದರೂ ಎಲ್ಲ ದಿಕ್ಕಿಗೂ ಸಮವಾಗಿಲ್ಲ. ತೇಗ ಪೂರ್ತಿ ಒಣಗಿದರೆ ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ಶೇ 2.5, ಬೆಳವಣಿಗೆಯ ಉಂಗುರಗಳ ಗುಂಟ ಸುಮಾರು ಶೇ 5.8 ಕುಗ್ಗುತ್ತದೆ. ತಿರುಳಿನಿಂದ ಹೊರಕ್ಕೆ ಹಾಯುವ ಕಿರಣಕೋಶಗಳು ಆ ದಿಕ್ಕಿನ ಕುಗ್ಗುವಿಕೆಯನ್ನು ತಡೆಹಿಡಿಯುವುದು ಈ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ.

ಈಗ ದಿಮ್ಮಿಯಿಂದ ಅಡ್ಡ ಕೊಯ್ದ ಒಂದು ದುಂಡು ಬಿಲ್ಲೆಯನ್ನು ಊಹಿಸಿಕೊಳ್ಳಿ. ತ್ರಿಜ್ಯ ಮೂಲದ ನೂರರಲ್ಲಿ 97.5 ಭಾಗಕ್ಕೆ ಇಳಿಯುತ್ತದೆ, ಸುತ್ತಳತೆ 94.2 ಭಾಗಕ್ಕೆ. ಕುಗ್ಗಿದ ತ್ರಿಜ್ಯದ ಸುತ್ತ ಪೂರ್ತಿ ವೃತ್ತ ಕೂಡಬೇಕಾದರೆ ಸುತ್ತಳತೆಯೂ 97.5 ಭಾಗ ಇರಬೇಕಿತ್ತು. ಕೊರತೆ ಸುಮಾರು ಶೇ 3.4, ಅಂದರೆ 360 ಡಿಗ್ರಿಯಲ್ಲಿ 12 ಡಿಗ್ರಿ. ಆ 12 ಡಿಗ್ರಿಯೇ ತಿರುಳಿನಿಂದ ತೊಗಟೆಗೆ ತೆರೆದುಕೊಳ್ಳುವ ಸೀಳು! ಇಡೀ ದಿಮ್ಮಿ ಬಿರಿಯುವುದು, ಬಲ್ಲವರು ತಿರುಳನ್ನು ಸೀಳಿ ತೆಗೆದು ಅರ್ಧ ದಿಮ್ಮಿಯಲ್ಲೇ ಬಟ್ಟಲು ಕಡೆಯುವುದು, ಎರಡೂ ಇಷ್ಟರಲ್ಲೇ ಅಡಗಿವೆ. ಚಂದ್ರನಿಗೆ ಇಲ್ಲಿ ಕೆಲಸವಿಲ್ಲ.

ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ದೇವಾಲಯದ ತಿರುಗಣೆ ಕಂಬಗಳು, ಅಂದರೆ ತಿರುಗಿಸಿ ಕಡೆದ ಕಲ್ಲಿನ ಕಂಬಗಳು, ಇಂದಿಗೂ ದುಂಡಗಿವೆ, ಏಕೆಂದರೆ ಬಳಪದ ಕಲ್ಲಿಗೆ ಮರದಂಥ ಎಳೆಯಿಲ್ಲ. ಮರದೊಂದಿಗೆ ಬದುಕಿದವರು ಬೇರೆ ದಾರಿ ಹುಡುಕಬೇಕಾಯಿತು. ಇಂಗ್ಲೆಂಡಿನ ಚಿಲ್ಟರ್ನ್ ಬೆಟ್ಟಗಳ ಕಸುಬುದಾರರು ಬೀಚ್ ಮರವನ್ನು ಕಾಡಿನಲ್ಲೇ ಹಸಿಯಾಗಿ ಕಡೆದು ಕುರ್ಚಿಗಳ ಕಾಲು ಮಾಡಿ, ಒಣಗಿಸಿ ಮಾರುತ್ತಿದ್ದರು. ಕಾಲು ಕೊಂಚ ಅಂಡಾಕಾರವಾದರೆ ಕುರ್ಚಿಗೇನೂ ಕೇಡಿಲ್ಲ. ಸ್ಟಾಕ್‌ಹೋಮ್‌ನಲ್ಲಿ 1628ರಲ್ಲಿ ಮುಳುಗಿದ ವಾಸಾ ಹಡಗನ್ನು 1961ರಲ್ಲಿ ಮೇಲೆತ್ತಿದಾಗ ವಿಜ್ಞಾನಿಗಳು ಇದೇ ಸಮಸ್ಯೆಯನ್ನು ಎದುರಿಸಿದರು. ಹದಿನೇಳು ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕವನ್ನು ಸಿಂಪಡಿಸಿ, ಹೊರಟುಹೋಗುವ ನೀರಿನ ಜಾಗಕ್ಕೆ ಅದನ್ನು ತುಂಬಿದರು. ಕೋಶದ ಗೋಡೆ ಕುಗ್ಗದಿದ್ದರೆ ಮರ ಕುಗ್ಗದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಬಟ್ಟಲಿಗೆ ಅಷ್ಟೆಲ್ಲ ಬೇಕಿಲ್ಲ. ಎರಡು ಸಲ ಕಡೆದರೆ ಸಾಕು. ಅರ್ಧ ದಿಮ್ಮಿಯಿಂದ 30 ಸೆಂ.ಮೀ. ಅಗಲದ ತೇಗದ ಬಟ್ಟಲು ಕಡೆದರೆ, ತೇವ ಶೇ 12ಕ್ಕೆ ಇಳಿಯುವ ಹೊತ್ತಿಗೆ ಎಳೆಯ ಉದ್ದಕ್ಕಿರುವ ಅಗಲ ಹಾಗೇ ಉಳಿದು, ಅಡ್ಡಗಲ ಅರ್ಧದಿಂದ ಒಂದು ಸೆಂ.ಮೀ. ಕಡಿಮೆಯಾಗುತ್ತದೆ. ಮೊದಲ ಸಲ ಬಟ್ಟಲಿನ ಗೋಡೆಯನ್ನು ಅಗಲದ ಹತ್ತನೇ ಒಂದರಷ್ಟು, ಅಂದರೆ 3 ಸೆಂ.ಮೀ. ದಪ್ಪ ಬಿಟ್ಟಿರಬೇಕು. ಆಗ ಒಣಗಿದ ಮೇಲೆ ಮತ್ತೆ ದುಂಡಗೆ ಕಡೆಯಲು ಬೇಕಾದಷ್ಟು ಮರ ಉಳಿದಿರುತ್ತದೆ. ಒಣಗಿತೋ ಇಲ್ಲವೋ ಎಂಬುದನ್ನು ಅಡುಗೆಮನೆಯ ತಕ್ಕಡಿಯೇ ಹೇಳುತ್ತದೆ: ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ಕಾಯಬೇಕು. ಎಳೆ ತುಂಡಾಗಿ ಕಾಣುವ ಮುಖದಿಂದ ನೀರು ಅಡ್ಡ ಮುಖಕ್ಕಿಂತ ಹತ್ತು ಹದಿನೈದು ಪಟ್ಟು ಬೇಗ ಓಡಿಹೋಗುವುದರಿಂದ ಅಲ್ಲಿಗೆ ಮೇಣ ಬಳಿಯಬೇಕು.

ಒಮ್ಮೆ ಒಣಗಿದ ಮರ ಮುಂದೆ ಅಲುಗುವುದಿಲ್ಲ ಎಂಬ ನಂಬಿಕೆಯೂ ತಪ್ಪು. ಗಾಳಿಯ ಸಾಪೇಕ್ಷ ತೇವಾಂಶ ಶೇ 80 ಇದ್ದರೆ ಮರದ ತೇವ ಶೇ 16ರ ಆಸುಪಾಸಿನಲ್ಲಿ ನಿಲ್ಲುತ್ತದೆ. ತೇವಾಂಶ ಶೇ 40 ಇದ್ದರೆ ಅದು ಶೇ 7–8ಕ್ಕೆ ಇಳಿಯುತ್ತದೆ. ಚನ್ನಪಟ್ಟಣದ ಬೊಂಬೆಗಳ ಮೇಲಿನಂಥ ಅರಗಿನ ಲೇಪ ಈ ಏರಿಳಿತವನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಮುಂಬೈಯ ಕಡಲ ಗಾಳಿಯಲ್ಲಿ ಒಣಗಿದ ಬಟ್ಟಲನ್ನು ಘಟ್ಟ ಹತ್ತಿಸಿ ಏಪ್ರಿಲ್‌ನ ಪುಣೆಗೆ ತರುವವರು ಅದನ್ನು ನೇರವಾಗಿ ಫ್ಯಾನಿನ ಕೆಳಗೆ ಇಡಬಾರದು. ಕಾಗದದ ಚೀಲದಲ್ಲಿ ಸುತ್ತಿ, ನೆಲದ ಹತ್ತಿರದ ತಂಪು ಮೂಲೆಯಲ್ಲಿ ಕೆಲವು ವಾರ ಬಿಟ್ಟು, ಆಮೇಲೆ ಮೇಜಿಗೆ ತರಬೇಕು.