ಖಾರ್ಕೊವ್ ಖಾರ್ಕಿವ್ ಆದ ಕಥೆ: ರಷ್ಯನ್ ಮತ್ತು ಉಕ್ರೇನಿಯನ್ ನಡುವಿನ ಅಂತರದ ಹಿನ್ನೆಲೆ

2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಎರಡನೆಯ ದೊಡ್ಡ ನಗರದಲ್ಲಿ ದಿನಸಿ ತರಲು ಹೋಗಿದ್ದಾಗ ಶೆಲ್ ದಾಳಿಗೆ ಬಲಿಯಾದ. ಅದುವರೆಗೆ ಮೆಡಿಕಲ್ ಸೀಟು ಹುಡುಕುವವರಿಗಷ್ಟೇ ಗೊತ್ತಿದ್ದ ಆ ಊರಿನ ಹೆಸರು ಅಂದು ಕರ್ನಾಟಕದ ಮನೆಮನೆಗೂ ತಲುಪಿತು. ಒಂದು ಕಡೆ ಅದು ಖಾರ್ಕೊವ್, ಇನ್ನೊಂದು ಕಡೆ ಖಾರ್ಕಿವ್. ಇದನ್ನು ಕಾಗುಣಿತದ ಗೊಂದಲವೆಂದು ಓದಿದವರೇ ಹೆಚ್ಚು. ಆದರೆ ‘ಕೊ’ ಮತ್ತು ‘ಕಿ’ಗಳ ನಡುವಿನ ಆ ವ್ಯತ್ಯಾಸ ಎರಡು ಭಾಷೆಗಳು ಬೇರೆಬೇರೆ ದಾರಿ ಹಿಡಿದುದರ ಗುರುತು, ಅದನ್ನು ಗುರುತೆಂದು ಒಪ್ಪಬೇಕೇ ಬೇಡವೇ ಎಂಬ ಜಗಳಕ್ಕೆ ನೂರೈವತ್ತು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ.

ಮೊದಲು ಧ್ವನಿಯ ವಿಷಯ. ವ್ಯಂಜನದಲ್ಲಿ ಕೊನೆಗೊಳ್ಳುವ ಅಕ್ಷರದೊಳಗಿನ ಹಳೆಯ ‘ಒ’ ಉಕ್ರೇನಿಯನ್ನಿನಲ್ಲಿ ‘ಇ’ ಆಯಿತು, ರಷ್ಯನ್ನಿನಲ್ಲಿ ಹಾಗೆಯೇ ಉಳಿಯಿತು. ರಷ್ಯನ್ನರಿಗೆ ಬೆಕ್ಕು ‘ಕೋತ್’, ಉಕ್ರೇನಿಯನ್ನರಿಗೆ ‘ಕಿತ್’; ಮೂಗು ಅವರಿಗೆ ‘ನೋಸ್’, ಇವರಿಗೆ ‘ನಿಸ್’. ಲ್ವೊವ್ ಲ್ವಿವ್ ಆದದ್ದೂ ಖಾರ್ಕೊವ್ ಖಾರ್ಕಿವ್ ಆದದ್ದೂ ಇದೇ ನಿಯಮದಿಂದ. ಎರಡನೆಯದು ‘ಗ’ಕಾರದ ಕಥೆ. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆದಂತೆ, ಹಳೆಯ ಸ್ಲಾವಿಕ್ ‘ಗ’ ಉಕ್ರೇನಿಯನ್ನಿನಲ್ಲಿ ‘ಹ’ ಆಯಿತು. ರಷ್ಯನ್ ಸಾಹಿತ್ಯದ ಗೊಗೊಲ್ ಹುಟ್ಟೂರಿನವರ ಬಾಯಲ್ಲಿ ಹೊಹೊಲ್. ಹಸಿವು ರಷ್ಯನ್ನಿನಲ್ಲಿ ‘ಗೋಲದ್’, ಉಕ್ರೇನಿಯನ್ನಿನಲ್ಲಿ ‘ಹೋಲೊದ್’. ಹಾಲನ್ನಂತೂ ಎರಡೂ ಭಾಷೆಗಳು ಒಂದೇ ರೀತಿಯಲ್ಲಿ ‘ಮೊಲೊಕೊ’ ಎಂದು ಬರೆಯುತ್ತವೆ, ಆದರೆ ಒತ್ತು ಬೀಳದ ‘ಒ’ವನ್ನು ‘ಅ’ದತ್ತ ಜಾರಿಸುವ ರಷ್ಯನ್ನರು ಅದನ್ನು ‘ಮಲಕೋ’ ಎನ್ನುತ್ತಾರೆ, ಉಕ್ರೇನಿಯನ್ನರು ಬರೆದಂತೆಯೇ ಓದುತ್ತಾರೆ.

ವ್ಯಾಕರಣದಲ್ಲಿ ಕನ್ನಡಿಗರಿಗೆ ಕೂಡಲೇ ಹಿಡಿಸುವ ವ್ಯತ್ಯಾಸವೊಂದಿದೆ. ಉಕ್ರೇನಿಯನ್ನಿನಲ್ಲಿ ಏಳು ವಿಭಕ್ತಿಗಳು, ರಷ್ಯನ್ನಿನಲ್ಲಿ ಆರು. ರಷ್ಯನ್ ಕಳೆದುಕೊಂಡದ್ದು ಸಂಬೋಧನೆಯನ್ನು. ದೇವರನ್ನು ಕೂಗುವ ‘ಬೋಝೆ’ಯಂತಹ ಕೆಲವು ಪಳೆಯುಳಿಕೆಗಳನ್ನು ಬಿಟ್ಟರೆ, ಬರಹದ ರಷ್ಯನ್ನಿನಲ್ಲಿ ಹೆಸರು ಹೇಳುವುದಕ್ಕೂ ಹೆಸರಿಟ್ಟು ಕರೆಯುವುದಕ್ಕೂ ರೂಪಭೇದವಿಲ್ಲ. ಉಕ್ರೇನಿಯನ್ನಿನಲ್ಲಿ ‘ಮಾಮ’ ಎಂದರೆ ಅಮ್ಮ, ಕರೆದರೆ ‘ಮಾಮೊ’. ಒಕ್ಸಾನ ಎಂಬಾಕೆಯನ್ನು ‘ಒಕ್ಸಾನೊ’ ಎಂದೇ ಕೂಗಬೇಕು.

ಪದಕೋಶದ ಅಂತರ ಕೇಳುಗನ ಊಹೆಗಿಂತ ದೊಡ್ಡದು. ಉಕ್ರೇನಿನ ಭಾಷಾವಿಜ್ಞಾನಿ ಕೊಸ್ತ್ಯಾಂತಿನ್ ತಿಶ್ಚೆಂಕೊ ಅವರ ಲೆಕ್ಕದ ಪ್ರಕಾರ ಉಕ್ರೇನಿಯನ್ನಿನ ಪದಕೋಶ ಬೆಲರೂಸಿಯನ್ನಿನೊಂದಿಗೆ ಶೇಕಡ 84ರಷ್ಟು, ಪೋಲಿಷ್‌ನೊಂದಿಗೆ 70ರಷ್ಟು ಹೊಂದುತ್ತದೆ, ರಷ್ಯನ್ನಿನೊಂದಿಗೆ ಹೊಂದುವುದು 62ರಷ್ಟು ಮಾತ್ರ. ಹೊಂದುವಂತೆ ಕಾಣುವ ಪದಗಳೂ ಕೆಲವೊಮ್ಮೆ ಮೋಸಗೊಳಿಸುತ್ತವೆ. ‘ಚಾಸ್’ ರಷ್ಯನ್ನಿನಲ್ಲಿ ಗಂಟೆ, ಉಕ್ರೇನಿಯನ್ನಿನಲ್ಲಿ ಕಾಲ. ‘ಲುನಾ’ ಅಲ್ಲಿ ಚಂದ್ರ, ಇಲ್ಲಿ ಪ್ರತಿಧ್ವನಿ. ಒಂದೇ ಬೇರಿನಿಂದ ಬಂದ ‘ಉರೋದ್ಲಿವಿ’ ರಷ್ಯನ್ನರಿಗೆ ಕುರೂಪಿಯಾದರೆ ‘ವ್ರೊದ್ಲಿವಿ’ ಉಕ್ರೇನಿಯನ್ನರಿಗೆ ರೂಪವಂತ. ಹೊಗಳಲು ಹೋದ ಅಳಿಯ ಪೇಚಿಗೆ ಸಿಕ್ಕಿಕೊಳ್ಳಲು ಇಷ್ಟು ಸಾಕು. ತಿಂಗಳುಗಳ ಹೆಸರನ್ನು ರಷ್ಯನ್ ಲ್ಯಾಟಿನ್‌ನಿಂದ ತಂದುಕೊಂಡಿತು. ಉಕ್ರೇನಿಯನ್ ಹೊಲ-ಕಾಡುಗಳಿಂದಲೇ ಎತ್ತಿಕೊಂಡಿತು. ಆಗಸ್ಟ್ ಅದಕ್ಕೆ ಕುಡುಗೋಲಿನ ತಿಂಗಳು ‘ಸೆರ್ಪೆನ್’, ಅಕ್ಟೋಬರ್ ಹಳದಿಯ ‘ಝೋವ್ತೆನ್’, ನವೆಂಬರ್ ಎಲೆ ಉದುರುವ ‘ಲಿಸ್ತೊಪಾದ್’.

ಈ ಕವಲು ಒಡೆದದ್ದು ಯಾವಾಗ? 9ನೇ ಶತಮಾನದಿಂದ 13ನೇ ಶತಮಾನದವರೆಗೆ ಕೀವ್ ನಗರವನ್ನು ಕೇಂದ್ರವಾಗಿಟ್ಟುಕೊಂಡು ‘ರೂಸ್’ ಎಂಬ ರಾಜ್ಯವಿತ್ತು. 988ರಲ್ಲಿ ಅದರ ದೊರೆ ವೊಲೊದಿಮಿರ್ ಬೈಜಾಂಟಿಯಮ್ಮಿನಿಂದ ಕ್ರೈಸ್ತಧರ್ಮವನ್ನು ಸ್ವೀಕರಿಸಿದ. ರಷ್ಯನ್ನರು ಅವನನ್ನು ವ್ಲದೀಮಿರ್ ಎಂದು ಕರೆದು ತಮ್ಮ ಮೂಲಪುರುಷರ ಸಾಲಿಗೆ ಸೇರಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ‘ರೂಸ್’ ಅನ್ನು ಸಲೀಸಾಗಿ ‘ರಷ್ಯಾ’ ಎಂದು ಬರೆದುಬಿಡುವ ರೂಢಿಯಿದೆ, ಇದು ಅರಿವಿಲ್ಲದೆಯೇ ಒಂದು ಪಕ್ಷದ ವಾದವನ್ನು ಒಪ್ಪಿದಂತೆ. ಮಾಸ್ಕೋದ ರಾಜ್ಯ ‘ರೊಸ್ಸಿಯಾ’ ಸಾಮ್ರಾಜ್ಯವೆಂದು ಅಧಿಕೃತವಾಗಿ ಘೋಷಿಸಿಕೊಂಡದ್ದು ಪೀಟರ್ ದೊರೆಯ ಕಾಲದಲ್ಲಿ, 1721ರಲ್ಲಿ. 1240ರಲ್ಲಿ ಮಂಗೋಲರು ಕೀವ್ ನಗರವನ್ನು ನಾಶಮಾಡಿದ ಮೇಲೆ ಉತ್ತರದ ಮಾಸ್ಕೋ ಅವರಿಗೆ ಕಪ್ಪ ಕೊಡುತ್ತ ಬೆಳೆಯಿತು. ಕೀವ್ ಸೀಮೆ 14ನೇ ಶತಮಾನದಲ್ಲಿ ಲಿಥುವೇನಿಯಾದ ಕೈಸೇರಿತು, 1569ರ ಲುಬ್ಲಿನ್ ಒಪ್ಪಂದದಿಂದ ಪೋಲೆಂಡಿನ ದೊರೆತನಕ್ಕೆ ಒಳಪಟ್ಟಿತು. ಹೀಗೆ ಮೂರು ನಾಲ್ಕು ಶತಮಾನಗಳ ಕಾಲ ಇವೆರಡು ಜನಸಮುದಾಯಗಳು ಬೇರೆಬೇರೆ ಅರಸರ, ಬೇರೆಬೇರೆ ಕಾನೂನುಗಳ ಅಡಿಯಲ್ಲಿ ಬಾಳಿದವು. ಉಕ್ರೇನಿನ ಪಟ್ಟಣಗಳಿಗೆ ಜರ್ಮನ್ ಮೂಲದ ಮ್ಯಾಗ್ಡೆಬರ್ಗ್ ಪುರಾಡಳಿತ ಬಂತು. 1596ರಲ್ಲಿ ಪೂರ್ವದ ಪೂಜಾವಿಧಿಯನ್ನು ಉಳಿಸಿಕೊಂಡು ರೋಮಿನ ಪೋಪರನ್ನು ಒಪ್ಪಿದ ಗ್ರೀಕ್ ಕ್ಯಾಥೊಲಿಕ್ ಸಭೆ ಹುಟ್ಟಿತು. ಕೃತಜ್ಞತೆ ಹೇಳುವ ಉಕ್ರೇನಿಯನ್ ಪದ ‘ದ್ಯಾಕುಯು’ ಜರ್ಮನ್ನಿನ ‘ದಾಂಕೆ’ಯ ನೆಂಟ, ಪೋಲಿಷ್ ದಾರಿಯಾಗಿ ಬಂದದ್ದು. ರಷ್ಯನ್ನಿನ ‘ಸ್ಪಸೀಬಾ’ದ ಮೂಲಾರ್ಥ ‘ದೇವರು ಕಾಪಾಡಲಿ’.

1648ರಲ್ಲಿ ಬೊಹ್ದಾನ್ ಖ್ಮೆಲ್ನಿತ್ಸ್ಕಿಯ ನಾಯಕತ್ವದಲ್ಲಿ ಕೊಸಾಕರು, ಅಂದರೆ ಉಕ್ರೇನಿನ ಬಯಲುಸೀಮೆಯ ಸ್ವತಂತ್ರ ಯೋಧರು, ಪೋಲೆಂಡಿನ ವಿರುದ್ಧ ದಂಗೆಯೆದ್ದು, 1654ರಲ್ಲಿ ಪೆರೆಯಾಸ್ಲಾವ್ ಊರಿನಲ್ಲಿ ಮಾಸ್ಕೋದ ತ್ಸಾರನ ಆಶ್ರಯ ಕೋರಿದರು. ಅದು ಒಡಹುಟ್ಟಿದವರ ಪುನರ್ಮಿಲನವೆಂದು ಮಾಸ್ಕೋ ಇಂದಿಗೂ ಹೇಳುತ್ತದೆ, ಷರತ್ತುಬದ್ಧ ಸೈನಿಕ ಒಪ್ಪಂದವೆಂದು ಕೀವ್ ಹೇಳುತ್ತದೆ. ಷರತ್ತುಗಳು ಬಹುಕಾಲ ಬಾಳಲಿಲ್ಲ. 1775ರಲ್ಲಿ ಎರಡನೆಯ ಕ್ಯಾಥರೀನ್ ಕೊಸಾಕರ ಝಪೊರಿಝ್ಯ ನೆಲೆಯನ್ನು ಕೆಡವಿಸಿದಳು, 1783ರಲ್ಲಿ ಉಕ್ರೇನಿನ ರೈತರನ್ನೂ ಜೀತಕ್ಕೆ ಕಟ್ಟಿಹಾಕಿದಳು.

ಜನಜೀವನದ ಭೇದಗಳನ್ನು ಮೊದಲು ಕ್ರಮವಾಗಿ ಬರೆದವರಲ್ಲಿ ಇತಿಹಾಸಕಾರ ಮಿಕೊಲಾ ಕೊಸ್ತೊಮಾರೊವ್ ಮುಖ್ಯರು. 1861ರ ಪ್ರಬಂಧವೊಂದರಲ್ಲಿ ಅವರು ಉಕ್ರೇನಿಯನ್ನರನ್ನು ವ್ಯಕ್ತಿಸ್ವಾತಂತ್ರ್ಯದ ಜನವೆಂದೂ ರಷ್ಯನ್ನರನ್ನು ಸಮೂಹನಿಷ್ಠೆಯ ಜನವೆಂದೂ ಬಣ್ಣಿಸಿದರು. ಒಂದು ಇಡೀ ಜನಾಂಗದ ಸ್ವಭಾವವನ್ನು ಹೀಗೆ ಎರಡು ಮಾತಿನಲ್ಲಿ ಮುಗಿಸುವುದನ್ನು ಇಂದು ಯಾರೂ ಒಪ್ಪಲಾರರು. ಆದರೂ ಅವರ ಮಾತಿಗೆ ನೆಲದ ಮೇಲೊಂದು ಆಧಾರವಿತ್ತು. ರಷ್ಯಾದ ಹಳ್ಳಿಗಳಲ್ಲಿ ಭೂಮಿ ‘ಮಿರ್’ ಎಂಬ ಗ್ರಾಮಸಮುದಾಯದ ಕೈಯಲ್ಲಿತ್ತು, ಅದನ್ನು ಕಾಲಕಾಲಕ್ಕೆ ಮನೆಗಳ ನಡುವೆ ಮರುಹಂಚುತ್ತಿದ್ದರು. ಉಕ್ರೇನಿನ ಬಹುಭಾಗದಲ್ಲಿ ಹೊಲ ಆಯಾ ಮನೆತನದ ಪಾಲಿಗೆ ಕಾಯಂ ಆಗಿತ್ತು. ಮನೆಗಳೂ ಬೇರೆ. ಉತ್ತರದ ಕಾಡುಸೀಮೆಯ ‘ಇಝ್ಬಾ’ ಮರದ ದಿಮ್ಮಿಗಳದ್ದು. ದಕ್ಷಿಣದ ಬಯಲುಸೀಮೆಯ ‘ಖಾತಾ’ ಮಣ್ಣು ಮೆತ್ತಿ ಸುಣ್ಣ ಬಳಿದ ಗೋಡೆಯದ್ದು, ಮೇಲೆ ಹುಲ್ಲಿನ ಹೊದಿಕೆ. ಜನರ ಗುಣಕ್ಕಿಂತ ಹೆಚ್ಚಾಗಿ ಮರ ಎಲ್ಲಿ ಸಿಗುತ್ತದೆ ಎಂಬುದೇ ಇದನ್ನು ತೀರ್ಮಾನಿಸಿತು.

ಕರೆಯುವ ರೀತಿಯಲ್ಲಿ ಭೇದ ಇನ್ನೂ ಸೂಕ್ಷ್ಮ. ರಷ್ಯನ್ನರು ಗೌರವ ತೋರಲು ಹೆಸರಿನೊಡನೆ ತಂದೆಯ ಹೆಸರಿನಿಂದ ಬಂದ ರೂಪವನ್ನು ಸೇರಿಸುತ್ತಾರೆ: ವ್ಲದೀಮಿರ್ ವ್ಲದೀಮಿರೊವಿಚ್. ಈ ಪದ್ಧತಿ ಉಕ್ರೇನಿನಲ್ಲೂ ಇದೆ, ದಾಖಲೆಗಳಲ್ಲೂ ಇದೆ, ಆದರೆ ನಮ್ಮ ಶ್ರೀ, ಶ್ರೀಮತಿಯಂತಹ ‘ಪಾನ್’, ‘ಪಾನಿ’ ಎಂಬ ಪದಗಳನ್ನು ಹೆಸರಿಗೋ ಹುದ್ದೆಗೋ ಜೋಡಿಸುವುದು ಅಲ್ಲಿ ಸ್ವಾತಂತ್ರ್ಯಾನಂತರ ಮತ್ತೆ ರೂಢಿಗೆ ಬಂದಿದೆ. ಅಧ್ಯಕ್ಷರನ್ನು ‘ಪಾನೆ ಪ್ರೆಝಿದೆಂತೆ’ ಎಂದು ಸಂಬೋಧನಾ ವಿಭಕ್ತಿಯಲ್ಲೇ ಕರೆಯುತ್ತಾರೆ. ನೀನು-ನೀವು ಎರಡೂ ಭಾಷೆಗಳಲ್ಲಿವೆ. ಆದರೆ ಉಕ್ರೇನಿನ ಹಳ್ಳಿಗಳಲ್ಲಿ ಹೆತ್ತ ತಂದೆತಾಯಿಯರಿಗೂ ‘ನೀವು’ ಎನ್ನುವ ಸಂಪ್ರದಾಯವಿತ್ತು, ಕೆಲವೆಡೆ ಈಗಲೂ ಇದೆ. ಅಪ್ಪನಿಗೆ ‘ನೀವು’, ಅಮ್ಮನಿಗೆ ‘ನೀನು’ ಎಂದು ಬೆಳೆದ ಕನ್ನಡಿಗರಿಗೆ ಇದರ ಸೂಕ್ಷ್ಮ ತಟ್ಟನೆ ತಿಳಿಯುತ್ತದೆ. ಮದುವೆಯ ಪ್ರಸ್ತಾಪ ಒಲ್ಲೆನೆಂದ ಉಕ್ರೇನಿನ ಹುಡುಗಿ ಗಂಡಿನ ಕಡೆಯವರ ಕೈಗೆ ಕುಂಬಳಕಾಯಿ ಕೊಟ್ಟು ಕಳುಹಿಸುತ್ತಿದ್ದಳು. ‘ಕುಂಬಳಕಾಯಿ ಸಿಕ್ಕಿತು’ ಎಂಬುದು ಇಂದಿಗೂ ಅಲ್ಲಿನ ನುಡಿಗಟ್ಟು. ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಮಾಂಸವಿಲ್ಲದ ಹನ್ನೆರಡು ಅಡುಗೆಗಳು, ಗೋಧಿಯ ಸಿಹಿ ‘ಕುತ್ಯಾ’, ಮೂಲೆಯಲ್ಲಿ ಪೂರ್ವಜರ ನೆನಪಿಗೆ ನಿಲ್ಲಿಸಿದ ತೆನೆಯ ಕಟ್ಟು ‘ದಿದುಖ್’ ಉಕ್ರೇನಿನ ಮನೆಗಳ ಗುರುತು. ಹಂಚಿಕೊಂಡದ್ದೂ ಕಡಿಮೆಯಿಲ್ಲ: ಅತಿಥಿಯನ್ನು ರೊಟ್ಟಿ ಮತ್ತು ಉಪ್ಪಿನಿಂದ ಸ್ವಾಗತಿಸುವುದು ಎರಡೂ ಕಡೆಯ ಪದ್ಧತಿ. ಬೋರ್ಶ್ ಸಾರನ್ನು ಇಬ್ಬರೂ ಕುಡಿಯುತ್ತಾರೆ. 2022ರ ಜುಲೈನಲ್ಲಿ ಯುನೆಸ್ಕೋ ಉಕ್ರೇನಿನ ಬೋರ್ಶ್ ಅಡುಗೆಯನ್ನು ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿದಾಗ ರಷ್ಯಾದ ವಿದೇಶಾಂಗ ಇಲಾಖೆ ಸಾರಿನ ಬಗೆಗೂ ಸಿಟ್ಟಾಯಿತು.

ಅಂತರ ಇಷ್ಟೇ ಆಗಿದ್ದರೆ ಅದು ಭಾಷಾವಿಜ್ಞಾನಿಗಳ ಮತ್ತು ಜಾನಪದ ವಿದ್ವಾಂಸರ ವಿಷಯವಾಗಿ ಉಳಿಯುತ್ತಿತ್ತು. ಅದನ್ನು ರಾಜಕೀಯವಾಗಿಸಿದ್ದು ಅಂತರವೇ ಇಲ್ಲವೆಂಬ ಹಟ. 1798ರಲ್ಲಿ ಇವಾನ್ ಕೊತ್ಲ್ಯಾರೆವ್ಸ್ಕಿ ರೋಮನ್ ಕವಿ ವರ್ಜಿಲನ ಮಹಾಕಾವ್ಯವನ್ನು ಕೊಸಾಕರ ವೇಷದಲ್ಲಿ, ಆಡುಮಾತಿನ ಉಕ್ರೇನಿಯನ್ನಿನಲ್ಲಿ ಹಾಸ್ಯವಾಗಿ ಬರೆದ ಕೃತಿಯೊಂದಿಗೆ ಆಧುನಿಕ ಉಕ್ರೇನಿಯನ್ ಸಾಹಿತ್ಯ ಆರಂಭವಾಯಿತು. ಅದು ಅಚ್ಚಾದದ್ದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಯಾರೂ ಅದಕ್ಕೆ ಹೆದರಲಿಲ್ಲ. ನಗಿಸುವ ಭಾಷೆ ಅಳಿಸತೊಡಗಿದಾಗ ಹೆದರಿಕೆ ಹುಟ್ಟಿತು. ಜೀತದ ಮನೆಯಲ್ಲಿ ಹುಟ್ಟಿ, 1838ರಲ್ಲಿ ಹಣ ಕೊಟ್ಟು ಬಿಡಿಸಲ್ಪಟ್ಟ ತರಾಸ್ ಶೆವ್ಚೆಂಕೊ 1840ರಲ್ಲಿ ಮೊದಲ ಕವನಸಂಕಲನ ತಂದರು. 1847ರಲ್ಲಿ ಬಂಧಿತರಾದಾಗ ಅವರನ್ನು ಸಿಪಾಯಿಯಾಗಿ ಗಡಿಗೆ ಅಟ್ಟುವ ಆದೇಶದ ಮೇಲೆ ಒಂದನೆಯ ನಿಕೊಲಸ್ ದೊರೆ, ಬರೆಯಲೂ ಚಿತ್ರಿಸಲೂ ಬಿಡಕೂಡದೆಂದು ಸ್ವಹಸ್ತದಿಂದ ಸೇರಿಸಿದ. 1863ರಲ್ಲಿ ಒಳಾಡಳಿತ ಸಚಿವ ಪ್ಯೋತರ್ ವಲೂಯೆವ್ ಹೊರಡಿಸಿದ ಸುತ್ತೋಲೆ, ಪ್ರತ್ಯೇಕವಾದ ‘ಮಲೊರೂಸಿಯನ್’ (ಉಕ್ರೇನಿಯನ್ನಿಗೆ ಸಾಮ್ರಾಜ್ಯ ಬಳಸುತ್ತಿದ್ದ ಹೆಸರು) ಭಾಷೆಯೊಂದು ಇರಲಿಲ್ಲ, ಇಲ್ಲ, ಇರಲೂ ಸಾಧ್ಯವಿಲ್ಲ ಎಂಬ ಮಾತನ್ನು ಉದ್ಧರಿಸಿ, ಆ ಭಾಷೆಯ ಧಾರ್ಮಿಕ ಮತ್ತು ಶಾಲಾ ಪುಸ್ತಕಗಳನ್ನು ನಿಲ್ಲಿಸಿತು. 1876ರಲ್ಲಿ ಎರಡನೆಯ ಅಲೆಕ್ಸಾಂಡರ್ ಜರ್ಮನಿಯ ಎಮ್ಸ್ ಎಂಬ ಊರಿನಲ್ಲಿ ವಿಶ್ರಾಂತಿಯಲ್ಲಿದ್ದಾಗ ಸಹಿ ಹಾಕಿದ ಆಜ್ಞೆ ಪುಸ್ತಕಗಳ ಆಮದು, ನಾಟಕ, ಸ್ವರಲಿಪಿಯ ಕೆಳಗಿನ ಹಾಡಿನ ಸಾಹಿತ್ಯವನ್ನೂ ತಡೆಯಿತು. ಇಲ್ಲದ ಭಾಷೆಗೆ ಇಷ್ಟೊಂದು ನಿಷೇಧ ಏಕೆ ಬೇಕಾಯಿತೆಂದು ಅಂದೇ ಕೆಲವರು ಕೇಳಿದ್ದರೆ ಆಶ್ಚರ್ಯವಿಲ್ಲ. ಆ ದಶಕಗಳಲ್ಲಿ ಉಕ್ರೇನಿಯನ್ ಮುದ್ರಣ ಬದುಕಿದ್ದು ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಲ್ವಿವ್ ನಗರದಲ್ಲಿ.

ಸೋವಿಯತ್ ಕಾಲದಲ್ಲಿ ಗಾಳಿ ಎರಡು ಸಲ ತಿರುಗಿತು. 1923ರಿಂದ ಬೊಲ್ಶೆವಿಕರು ಸ್ಥಳೀಯ ಭಾಷೆಗಳಿಗೆ ಉತ್ತೇಜನ ಕೊಟ್ಟರು. ಆಗ ಉಕ್ರೇನಿನ ರಾಜಧಾನಿಯಾಗಿದ್ದ ಖಾರ್ಕಿವ್‌ನಲ್ಲಿ 1920ರ ದಶಕದ ಕೊನೆಗೆ ಏಕರೂಪದ ಕಾಗುಣಿತ ನಿಯಮಗಳು ಸಿದ್ಧವಾದವು. ಹತ್ತು ವರ್ಷದೊಳಗೆ ಅದೇ ಅಪರಾಧವಾಯಿತು. 1932-33ರ ಕೃತಕ ಕ್ಷಾಮ ಹೊಲೊದೊಮೊರ್ ಸುಮಾರು 35ರಿಂದ 40 ಲಕ್ಷ ಉಕ್ರೇನಿಯನ್ನರನ್ನು ಕೊಂದಿತೆಂಬುದು ಜನಸಂಖ್ಯಾ ತಜ್ಞರ ಅಂದಾಜು. ಕಜಾಕಿಸ್ತಾನ ಮತ್ತು ವೋಲ್ಗಾ ಸೀಮೆಯಲ್ಲೂ ಅದೇ ವರ್ಷಗಳಲ್ಲಿ ಜನ ಹಸಿವಿನಿಂದ ಸತ್ತರು. ಭಾಷಾನೀತಿಯ ಮುಂದಾಳು ಮಿಕೊಲಾ ಸ್ಕ್ರಿಪ್ನಿಕ್ 1933ರ ಜುಲೈನಲ್ಲಿ ಗುಂಡು ಹಾರಿಸಿಕೊಂಡರು. ಅದೇ ವರ್ಷ ಕಾಗುಣಿತವನ್ನು ರಷ್ಯನ್ನಿಗೆ ಹತ್ತಿರ ತರಲು ತಿದ್ದಿದರು, ನಿಜವಾದ ‘ಗ’ಕಾರಕ್ಕಿದ್ದ ಪ್ರತ್ಯೇಕ ಅಕ್ಷರವನ್ನು ವರ್ಣಮಾಲೆಯಿಂದಲೇ ತೆಗೆದರು, ಅದು ಮರಳಿದ್ದು 1990ರಲ್ಲಿ. ಮುಂದೆ ನಿಷೇಧದ ಅಗತ್ಯವೇ ಬೀಳಲಿಲ್ಲ. ಬಡ್ತಿ, ವಿಜ್ಞಾನ, ಸೇನೆ, ನಗರದ ನೌಕರಿ ಎಲ್ಲವೂ ರಷ್ಯನ್ನಿನಲ್ಲಿದ್ದುದರಿಂದ ಹಳ್ಳಿಯಿಂದ ಬಂದವರು ಉಕ್ರೇನಿಯನ್ನನ್ನು ಮನೆಯಲ್ಲಿಟ್ಟು ಬಂದರು. ಎರಡರ ನಡುವೆ ‘ಸೂರ್ಝಿಕ್’ ಎಂಬ ಬೆರಕೆ ನುಡಿ ಬೆಳೆಯಿತು. ಮೂಲದಲ್ಲಿ ಆ ಪದದ ಅರ್ಥ ಗೋಧಿ ಮತ್ತು ರೈ ಬೆರೆಸಿದ ಹಿಟ್ಟು.

ಆದ್ದರಿಂದಲೇ ಭಾಷೆಯ ಗಡಿಯನ್ನು ಜನದ ಗಡಿಯೆಂದು ಓದುವುದು ತಪ್ಪು. 2001ರ ಜನಗಣತಿಯಲ್ಲಿ ಉಕ್ರೇನಿನ ಶೇಕಡ 77.8ರಷ್ಟು ಜನ ತಾವು ಉಕ್ರೇನಿಯನ್ನರೆಂದರು, ಆದರೆ ಉಕ್ರೇನಿಯನ್ ತಾಯ್ನುಡಿಯೆಂದವರು 67.5ರಷ್ಟು. 1991ರ ಡಿಸೆಂಬರ್ 1ರ ಜನಮತದಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯಕ್ಕೆ ಮತ ಹಾಕಿದಾಗ ಅವರಲ್ಲಿ ರಷ್ಯನ್ ಮಾತನಾಡುವವರು ಬಹಳವಿದ್ದರು. ಅಧ್ಯಕ್ಷ ವೊಲೊದಿಮಿರ್ ಝೆಲೆನ್ಸ್ಕಿ ಕೂಡ ಕ್ರಿವಿಯ್ ರಿಹ್ ನಗರದ ರಷ್ಯನ್ ಭಾಷಿಕ ಮನೆಯವರು. 2021ರ ಜುಲೈನಲ್ಲಿ ವ್ಲದೀಮಿರ್ ಪುಟಿನ್ ತಮ್ಮ ಹೆಸರಿನಲ್ಲಿ ಪ್ರಕಟಿಸಿದ ಲೇಖನ, ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನವೆಂಬ ವಾದವನ್ನು ಮತ್ತೆ ಮುಂದಿಟ್ಟಿತು. ಏಳು ತಿಂಗಳ ನಂತರ ಸೇನೆ ಗಡಿ ದಾಟಿತು. ಉಕ್ರೇನಿನ ಕಡೆಯ ಭಾಷಾನೀತಿಯೂ ದೋಷಮುಕ್ತವಲ್ಲ: ಆಡಳಿತ, ಶಾಲೆ, ಅಂಗಡಿ-ಸೇವೆಗಳಲ್ಲಿ ಉಕ್ರೇನಿಯನ್ನನ್ನು ಕಡ್ಡಾಯಗೊಳಿಸಿದ 2019ರ ಕಾನೂನು ಅಲ್ಪಸಂಖ್ಯಾತರ ಭಾಷೆಗಳಿಗೆ, ವಿಶೇಷವಾಗಿ ರಷ್ಯನ್ನಿಗೆ, ಸಾಕಷ್ಟು ರಕ್ಷಣೆ ಕೊಟ್ಟಿಲ್ಲವೆಂದು ಯುರೋಪ್ ಪರಿಷತ್ತಿನ ವೆನಿಸ್ ಆಯೋಗ ಅದೇ ವರ್ಷ ಆಕ್ಷೇಪಿಸಿತ್ತು.

ಯುದ್ಧ ಹಳೆಯ ಅಂತರಗಳನ್ನು ಅಗಲವಾಗಿಸಿದೆ. 2022ರಲ್ಲಿ ಅಪರಿಚಿತನ ಮೂಲ ತಿಳಿಯಲು ‘ಪಲ್ಯಾನಿತ್ಸ್ಯಾ’ ಎನ್ನಿಸಿ ನೋಡುತ್ತಿದ್ದರು. ಅದು ಒಂದು ಬಗೆಯ ರೊಟ್ಟಿಯ ಹೆಸರು, ರಷ್ಯನ್ ನಾಲಿಗೆಗೆ ಸುಲಭವಾಗಿ ಒಗ್ಗದು. ಮಾಸ್ಕೋದ ಹಳೆಯ ಪಂಚಾಂಗದಂತೆ ಜನವರಿ 7ರಂದು ಬರುತ್ತಿದ್ದ ಕ್ರಿಸ್‌ಮಸ್ಸನ್ನು ಉಕ್ರೇನ್ ಸರ್ಕಾರ 2023ರಲ್ಲಿ ಡಿಸೆಂಬರ್ 25ಕ್ಕೆ ಸರಿಸಿತು. ಖಾರ್ಕಿವ್‌ನಲ್ಲಿ ತಲೆಮಾರುಗಳಿಂದ ರಷ್ಯನ್ ಆಡಿದ ಮನೆಗಳು ತಡವರಿಸುತ್ತಲೇ ಉಕ್ರೇನಿಯನ್ನಿಗೆ ಹೊರಳುತ್ತಿವೆ. 2022ರಲ್ಲಿ ಆ ನಗರ ರಷ್ಯನ್ ಕವಿ ಪುಷ್ಕಿನ್‌ನ ಪ್ರತಿಮೆಯನ್ನು ತೆಗೆಸಿತು. 2024ರ ಜನವರಿಯಲ್ಲಿ ಅವನ ಹೆಸರಿನ ಬೀದಿಗೆ 18ನೇ ಶತಮಾನದ ತತ್ತ್ವಜ್ಞಾನಿ ಹ್ರಿಹೋರಿ ಸ್ಕೊವೊರೊದನ ಹೆಸರಿಟ್ಟಿತು. ಸ್ಕೊವೊರೊದ ಬರೆದದ್ದು ಚರ್ಚಿನ ಸ್ಲಾವೊನಿಕ್, ರಷ್ಯನ್, ಉಕ್ರೇನಿಯನ್, ಲ್ಯಾಟಿನ್ ಎಲ್ಲವೂ ಕಲೆತ ಒಂದು ನುಡಿಯಲ್ಲಿ. ಅದರಲ್ಲಿ ಯಾವ ಸಾಲು ಯಾವ ಭಾಷೆಯದೆಂದು ವಿದ್ವಾಂಸರು ಇನ್ನೂ ಬಿಡಿಸುತ್ತಲೇ ಇದ್ದಾರೆ.