ಆ ಮಾತುಕತೆಗೆ ಯಾರು ಯಾರು ಕೂಡಬೇಕು?

ಕ್ಯಾನ್ಸರ್ ಕೈಮೀರಿದೆ, ಇನ್ನು ಕಿಮೊ ಕೊಟ್ಟರೆ ಲಾಭಕ್ಕಿಂತ ತ್ರಾಸೇ ಹೆಚ್ಚು ಎಂದು ಹೇಳಬೇಕಾದ ದಿನ ನನ್ನ ಕೋಣೆಯೊಳಗೆ ಬರುವವರು ಸಾಮಾನ್ಯವಾಗಿ ಗಂಡಸರು. ಹಿರಿಮಗ, ಅಳಿಯ, ಒಬ್ಬ ಕಾಕಾ, ಜೊತೆಗೆ ಊರಲ್ಲಿ ನಾಲ್ಕು ಮಂದಿ ಮಾತು ಕೇಳುವ ಹಿರಿಯರೊಬ್ಬರು. ರೋಗಿ ಹೊರಗಿನ ಬೆಂಚಿನ ಮೇಲೆ. ಪಕ್ಕದಲ್ಲಿ ಹೆಂಡತಿಯೋ ಸೊಸೆಯೋ, ಸ್ಕ್ಯಾನಿಂಗ್ ಫಿಲ್ಮಿನ ಚೀಲ ಹಿಡಿದುಕೊಂಡು. ಒಳಗೆ ಕೂತವರ ಮೊದಲ ಮಾತು: "ಸರ್, ಅಪ್ಪಗ ಏನೂ ಹೇಳಬ್ಯಾಡ್ರಿ. ಧೈರ್ಯಾ ಕಳಕೋತಾರ."

ಅದು ಪ್ರೀತಿಯಿಂದ ಬಂದ ಮಾತೇ. ತಂದೆಯನ್ನು ಕರೆದುಕೊಂಡು ರೋಣದಿಂದಲೋ ಹಾನಗಲ್ಲಿನಿಂದಲೋ ಹುಬ್ಬಳ್ಳಿಗೆ ತಿಂಗಳುಗಟ್ಟಲೆ ಓಡಾಡಿದ ಮಗ, ಇಷ್ಟಾದರೂ ಕಾಪಾಡೋಣ ಎಂದುಕೊಳ್ಳುತ್ತಾನೆ. ಆದರೆ ಹೊರಗೆ ಕೂತವರಿಗೆ ಬಹುಪಾಲು ಗೊತ್ತಾಗಿರುತ್ತದೆ. ಅಂಗಿ ಸಡಿಲಾಗಿದೆ, ರೊಟ್ಟಿ ಇಳಿಯುತ್ತಿಲ್ಲ, ತಾವು ಬಂದ ಕೂಡಲೇ ಮನೆಮಂದಿ ಮಾತು ನಿಲ್ಲಿಸುತ್ತಾರೆ. ಮಕ್ಕಳಿಗೆ ನೋವಾದೀತೆಂದು ಅವರೂ ಕೇಳುವುದಿಲ್ಲ. ಆಡಬೇಕಾದ ಮಾತು ಹಾಗೇ ಉಳಿದು, ರೋಗಿಗೆ ಮಂಪರು ಹತ್ತುವ ದಿನ ಬಂದುಬಿಡುತ್ತದೆ.

ಮಗನಿಗೆ ನಾನು ಹೇಳುವುದು ಇಷ್ಟು: ನಾನಾಗಿ ಹೋಗಿ ಹೇಳುವುದಿಲ್ಲ, ಅವರು ಕೇಳಿದರೆ ಸುಳ್ಳು ಹೇಳುವುದಿಲ್ಲ. ಆಮೇಲೆ ರೋಗಿಯ ಹತ್ತಿರ ಕೂತು ಕೇಳುತ್ತೇನೆ: "ಯಜಮಾನ್ರ, ನಿಮ್ಮ ಜಡ್ಡಿನ ಬಗ್ಗೆ ನಿಮಗೆಷ್ಟು ಗೊತ್ತೈತ್ರಿ? ಇನ್ನೂ ಏನರ ತಿಳ್ಕೋಬೇಕು ಅನಸ್ತೈತೇನ್ರಿ?" ಕೆಲವರು ಎಲ್ಲವನ್ನೂ ಕೇಳುತ್ತಾರೆ. ಕೆಲವರು "ನನ್ನ ಮಗಗ ಹೇಳ್ರಿ, ಅಂವ ಹೆಂಗಂತಾನ ಹಂಗ" ಎನ್ನುತ್ತಾರೆ. ಅದೂ ರೋಗಿಯದೇ ತೀರ್ಮಾನ, ಅದನ್ನು ಗೌರವಿಸಬೇಕು. ಕೇಳದೆಯೇ ಪಕ್ಕಕ್ಕಿಡುವುದು ಮಾತ್ರ ಸರಿಯಲ್ಲ. ಎಚ್ಚರವಿರುವ ವಯಸ್ಕ ರೋಗಿಯ ಚಿಕಿತ್ಸೆಗೆ ಆತನ ಒಪ್ಪಿಗೆಯೇ ಬೇಕು, ಬಂಧುಗಳ ಸಹಿ ಅದರ ಜಾಗ ತುಂಬುವುದಿಲ್ಲ ಎಂಬುದು 2008ರ ಸುಪ್ರೀಂ ಕೋರ್ಟ್ ತೀರ್ಪಿನಿಂದಲೇ ಸ್ಪಷ್ಟವಾಗಿದೆ.

ರೋಗಿಯಷ್ಟೇ ಮುಖ್ಯವಾದ ಇನ್ನೊಬ್ಬರು ಹೊರಗೇ ಉಳಿಯುತ್ತಾರೆ: ಹಗಲು ರಾತ್ರಿ ಆರೈಕೆ ಮಾಡಿದವರು. ಗದಗ ಕಡೆಯ ಬಾಯಿ ಕ್ಯಾನ್ಸರಿನ ರೋಗಿಯೊಬ್ಬರ ಮಕ್ಕಳು, ಊಟ ಹೋಗಲೆಂದು ಮೂಗಿನ ನಳಿಕೆ ಮತ್ತೆ ಹಾಕಿಸಬೇಕು, ಅಗತ್ಯ ಬಿದ್ದರೆ ಐಸಿಯು ಆಗಲಿ ಎಂದು ಪಟ್ಟು ಹಿಡಿದಿದ್ದರು. ಸೊಸೆಯನ್ನು ಒಳಗೆ ಕರೆಸಿದೆ. ಮೊದಲು ಮೈದುನರ ಮುಖ ನೋಡಿದಳು. ಆಮೇಲೆ ಹೇಳಿದಳು: "ಮಾವಾರು ಆ ಪೈಪು ಎರಡು ಸಲ ಕಿತ್ತು ಒಗದಾರ್ರಿ. ಬ್ಯಾಡ ಅಂತ ಕೈ ಮುಗೀತಾರ. ನಸುಕಿನ್ಯಾಗ ಮೂರಕ್ಕ ನೋವು ಏಳತೈತ್ರಿ, ಬೆಳಗಾಗೂತನಾ ಗ್ವಾಡಿಗೆ ಆನಿಕೊಂಡು ಕುಂಡ್ರತಾರ." ತೀವ್ರ ನೋವಿಗೆ ಕೊಡುವ ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ರಾತ್ರಿ ಹತ್ತಕ್ಕೆ ನುಂಗಿದ್ದು ಎರಡರ ಹೊತ್ತಿಗೆ ಇಳಿಯುತ್ತದೆ. ಯಾವ ರಿಪೋರ್ಟಿನಲ್ಲೂ ಇಲ್ಲದ ಈ ಸಂಗತಿ ತಿಳಿದ ಮೇಲೆ ಮಲಗುವಾಗಿನ ಡೋಸ್ ಸರಿಪಡಿಸಿದೆವು. ನೋವು ಹಿಡಿತಕ್ಕೆ ಬಂದ ಮೇಲೆ ಯಜಮಾನರು ತಾವೇ ಮಾತಾಡಿದರು: ನಳಿಕೆ ಬೇಡ, ಮನೆಗೆ ಹೋಗಬೇಕು, ಹೊಲದ ಹಿಸ್ಸೆ ತಮ್ಮ ಕಣ್ಣೆದುರೇ ಬಗೆಹರಿಯಬೇಕು.

ಮಾರ್ಫಿನ್ ಎಂದರೆ ಚಟ, ಕೊಟ್ಟರೆ ಆಯುಷ್ಯ ಕಡಿಮೆ ಎಂಬ ಭಯ ಇಂದಿಗೂ ಇದೆ. ಸರಿಯಾದ ಪ್ರಮಾಣದಲ್ಲಿ, ಮಲಬದ್ಧತೆಗೆ ಔಷಧ ಜೊತೆಗಿಟ್ಟು ಕೊಟ್ಟರೆ ಅದು ನೋವನ್ನೂ ಏದುಸಿರನ್ನೂ ಇಳಿಸುತ್ತದೆ, ಸಾವನ್ನು ಹತ್ತಿರ ತರುವುದಿಲ್ಲ.

ಕೊನೆಯ ವಾರ ಬೆಂಗಳೂರಿನಿಂದಲೋ ಪುಣೆಯಿಂದಲೋ ಬಂದಿಳಿಯುವ ಮಗ ಅಥವಾ ಮಗಳ ಬಗ್ಗೆ ಮನೆಯವರಿಗೆ ಸಿಟ್ಟು ಬರುತ್ತದೆ. ಎಲ್ಲ ತೀರ್ಮಾನವಾದ ಮೇಲೆ ಬಂದು "ವೆಂಟಿಲೇಟರ್ ಯಾಕ ಹಚ್ಚಿಲ್ಲ?" ಎಂದು ಕೇಳುತ್ತಾರೆ. ದಯವಿಟ್ಟು ಅವರೊಡನೆ ಜಗಳ ಬೇಡ. ದೂರವಿದ್ದ ಸಂಕಟ ಅದು. ಅವರನ್ನು ಮೊದಲೇ ವಿಡಿಯೊ ಕರೆಯಲ್ಲಿ ಕೂಡಿಸಿಕೊಳ್ಳಿ. ನ್ಯುಮೋನಿಯಾದಂಥ ವಾಸಿಯಾಗುವ ಕಾಯಿಲೆಯಲ್ಲಿ ವೆಂಟಿಲೇಟರ್ ದೇಹಕ್ಕೆ ಸಮಯ ದೊರಕಿಸಿಕೊಡುತ್ತದೆ. ಕ್ಯಾನ್ಸರ್ ಎಲ್ಲೆಡೆ ಹರಡಿ ಅಂಗಾಂಗಗಳು ಸೋತಾಗ ಚೇತರಿಸಿಕೊಳ್ಳಬೇಕಾದ್ದೇ ಉಳಿದಿರುವುದಿಲ್ಲ. ಗಂಟಲಲ್ಲಿ ನಳಿಕೆಯಿದ್ದರೆ ಒಂದು ಮಾತೂ ಆಡಲಾಗದು. ಸಲೈನ್ ವಿಷಯವೂ ಅಷ್ಟೆ. ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಇಳಿಯುತ್ತದೆ, ಏರಿಸಿದ ನೀರು ಕಾಲಿನ ಬಾವು, ಎದೆಯ ಗೊರಗೊರ ಹೆಚ್ಚಿಸಬಹುದು. ತುಟಿ, ಬಾಯಿ ಒದ್ದೆ ಮಾಡುತ್ತಿದ್ದರೆ ಹೆಚ್ಚು ಹಿತ.

ಇಂಥ ಸಭೆಯಲ್ಲಿ "ನೀವು ಏನು ಮಾಡಬೇಕಂತೀರಿ?" ಎಂದು ಮಕ್ಕಳನ್ನು ಕೇಳುವುದು ಕ್ರೂರ ಎಂದು ನನ್ನ ಅನಿಸಿಕೆ. ಬೇಡ ಎಂದರೆ ಅಪ್ಪನನ್ನು ಕೊಂದಂತೆ ಎಂಬ ಭಾವ ಜೀವನವಿಡೀ ಕಾಡುತ್ತದೆ. "ಅಪ್ಪಾರಿಗೆ ಈಗ ಮಾತಾಡಾಕ ಬಂದಿದ್ರ ಏನಂತಿದ್ರು?" ಎಂದು ಕೇಳಿದರೆ ಮನೆಮಂದಿಗೆ ಉತ್ತರ ಹೊಳೆಯುತ್ತದೆ, ಭಾರವೂ ಹಂಚಿಹೋಗುತ್ತದೆ.

ಕಾನೂನಿನ ಮಾತು. ವೆಂಟಿಲೇಟರ್ ಬೇಡವೆನ್ನುವುದು ಸೂಜಿ ಚುಚ್ಚಿ ಪ್ರಾಣ ತೆಗೆಯುವುದಲ್ಲ, ಅದು ನಮ್ಮ ದೇಶದಲ್ಲಿ ಅಪರಾಧ. ಗುಣವಾಗದ ರೋಗಿಗೆ ಬರಿದೇ ಪ್ರಾಣ ಹಿಡಿದಿಡುವ ಯಂತ್ರಗಳನ್ನು ಬೇಡವೆನ್ನುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನ ಸರಳಗೊಳಿಸಿತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದರ ಜಾರಿಗೆ ಆದೇಶ ಹೊರಡಿಸಿತು. ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ತಿಳಿಸಿಡುವ ಪತ್ರವನ್ನು, ಅಂದರೆ ಮುಂಗಡ ವೈದ್ಯಕೀಯ ನಿರ್ದೇಶನವನ್ನು, ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆಯಬಹುದು. ತನ್ನ ಪರವಾಗಿ ಯಾರು ಮಾತಾಡಬೇಕೆಂದು ಅದರಲ್ಲೇ ಹೆಸರಿಸಬಹುದು. ಸೊಸೆಯ ಹೆಸರೂ ಇರಬಹುದು. ಬರೆದಿಟ್ಟಿರದಿದ್ದರೆ ಮನೆಯವರ ಒಪ್ಪಿಗೆಯೊಂದಿಗೆ ವೈದ್ಯರ ಎರಡು ಮಂಡಳಿಗಳು ಪರಿಶೀಲಿಸುತ್ತವೆ, ಆದಷ್ಟೂ ತಲಾ 48 ಗಂಟೆಯೊಳಗೆ.

ಮನೆಗೆ ಹೋಗುವುದೆಂದು ತೀರ್ಮಾನವಾದರೆ, ಆಂಬುಲೆನ್ಸ್ ಹೇಳುವ ಮೊದಲು ಕೆಲವನ್ನು ಖಚಿತಪಡಿಸಿಕೊಳ್ಳಿ. ಮಾರ್ಫಿನ್ ಎಲ್ಲ ಔಷಧ ಅಂಗಡಿಗಳಲ್ಲಿ ಸಿಗುವುದಿಲ್ಲ, ಮಾನ್ಯತೆ ಪಡೆದ ಆಸ್ಪತ್ರೆಯಿಂದ ಸಾಕಷ್ಟು ಪಡೆದುಕೊಂಡೇ ಹೊರಡಿ. ನುಂಗಲು ಆಗದಿದ್ದಾಗ ಚರ್ಮದಡಿ ಕೊಡುವ ಸೂಜಿಯ ವ್ಯವಸ್ಥೆ ಯಾರು ಮಾಡುತ್ತಾರೆ, ಹುಣ್ಣು ಹೇಗೆ ತೊಳೆಯಬೇಕು ಎಂಬುದನ್ನು ಆರೈಕೆ ಮಾಡುವವರೇ ನರ್ಸಿನಿಂದ ಕಲಿತುಕೊಳ್ಳಲಿ. ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕೆಂಬುದನ್ನು ಫೈಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಕೊಳ್ಳಿ.