ಆಣೆ ಮುರಿದ ಮೇಲೆ ಅಣ್ಣನನ್ನು ಎಲ್ಲಿಗೆ ಕರೆದೊಯ್ಯಲಿ?

ಪ್ರಶ್ನೆ: ನಮ್ಮ ಅಣ್ಣ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. ಹುಲಿಗೆಮ್ಮನ ಮುಂದೆ ಆಣೆ ಮಾಡಿ ಕುಡಿತ ಬಿಟ್ಟಿದ್ದರು. ಬಟವಾಡೆಯ ದಿನ ಮತ್ತೆ ಶುರುವಾಯಿತು. ಕುಡಿತ ಬಿಟ್ಟವರೇ ಸೇರಿ ನಡೆಸುವ ಸಭೆಗಳಿವೆಯಂತೆ. ಅವನ್ನು ಹುಡುಕುವುದು ಹೇಗೆ? ಹೆಸರು ಬರೆದುಕೊಳ್ಳುತ್ತಾರೆಯೇ, ದುಡ್ಡು ಕೇಳುತ್ತಾರೆಯೇ?

ಉತ್ತರ: ಆಣೆ ಮುರಿಯಿತೆಂದು ಅಣ್ಣನ ಮನಸ್ಸೇ ಸುಳ್ಳು ಎಂದುಕೊಳ್ಳಬೇಡಿ. ದೇವಿಯ ಮುಂದೆ ಅವರು ಆಡಿದ ಮಾತು ಆ ಗಳಿಗೆಗೆ ನಿಜವೇ. ತೊಡಕೆಂದರೆ, ಒಮ್ಮೆ ಮುರಿದ ಮೇಲೆ ಮರಳಿ ಹೋಗಿ ನಿಲ್ಲಲು ಮುಖವಿರುವುದಿಲ್ಲ. ದೇವರಿಗೂ ತಪ್ಪಿದೆ, ಮನೆಯವರಿಗೂ ತಪ್ಪಿದೆ ಎಂಬ ಸಂಕಟವೇ ಮರುದಿನದ ಕುಡಿತಕ್ಕೆ ನೆಪವಾಗುತ್ತದೆ. ಸಭೆಯ ದೊಡ್ಡ ಉಪಕಾರ ಇರುವುದು ಇಲ್ಲಿಯೇ. ನಿನ್ನೆ ಕುಡಿದವರು ಇಂದು ಬಂದು ‘ನಿನ್ನೆ ಕುಡಿದೆ’ ಎಂದು ಹೇಳಬಹುದು. ಕೇಳುವವರೂ ಅದೇ ಸಂಕಟ ಉಂಡವರು, ಹೀಗಾಗಿ ಅಲ್ಲಿ ಉಪದೇಶಕ್ಕೆ ಜಾಗವಿಲ್ಲ.

ಆದರೆ ಸಭೆಗೂ ಮೊದಲು ವೈದ್ಯರನ್ನು ಕಾಣಬೇಕು. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ಒಂದೆರಡು ದಿನಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ರೆ ಹಾರಿಹೋಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕು ದಿನಗಳೊಳಗೆ ಇಲ್ಲದ್ದನ್ನು ಕಾಣುವುದು, ದಿಕ್ಕುತಪ್ಪಿ ಮಾತಾಡುವುದು ಶುರುವಾದರೆ ಅದು ಜೀವಕ್ಕೇ ಅಪಾಯ. ಗಾಳಿ ಸೋಂಕಿದೆ ಎಂದು ತಾಯಿತ ಕಟ್ಟಿಸಲು ಓಡದೆ 108ಕ್ಕೆ ಕರೆ ಮಾಡಿ. ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ ಕೊಡಿ ಎನ್ನುವ ‘ಕುಡಿತ ಬಿಡಿಸುವ ಪುಡಿ’ಗಳನ್ನಂತೂ ಮುಟ್ಟಲೇಬೇಡಿ. ಒಳಗೆ ಏನಿದೆಯೋ ಯಾರಿಗೆ ಗೊತ್ತು? ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್‌ನಂತಹ ಮಾತ್ರೆ ಅದರಲ್ಲಿದ್ದು, ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು.

ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ರಾಯಚೂರಿನ ರಿಮ್ಸ್, ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆ, ಇವುಗಳಲ್ಲಿ ನಿಮಗೆ ಹತ್ತಿರವಾದಲ್ಲಿ ಮನೋವೈದ್ಯ ವಿಭಾಗಕ್ಕೆ ಹೋಗಿ. ಅಲ್ಲಿಗೆ ಹೋಗಲು ನಾಚಬೇಕಿಲ್ಲ. ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಯ ಆಸ್ಪತ್ರೆಗಳಿಗೆ ತಲುಪಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಇನ್ನು ಸಭೆ ಹುಡುಕುವ ಬಗೆ. ನೀವು ಕೇಳಿರುವುದು ಬಹುಶಃ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಕುರಿತು. 1935ರಲ್ಲಿ ಅಮೆರಿಕದ ಇಬ್ಬರು ಕುಡುಕರು ಪರಸ್ಪರ ಆಸರೆಯಾಗಿ ಆರಂಭಿಸಿದ ಕೂಟವಿದು. ಅದರ ಭಾರತದ ಜಾಲತಾಣದಲ್ಲಿ ಊರುವಾರು ಸಭೆಗಳ ವಿವರವೂ ಸಹಾಯವಾಣಿಯೂ ಇವೆ. ಜಾಗ, ಸಮಯ ಬದಲಾಗುತ್ತಿರುತ್ತವೆ, ಫೋನ್ ಮಾಡಿಯೇ ಹೊರಡಿ. ಆಸ್ಪತ್ರೆಯ ಆಪ್ತಸಮಾಲೋಚಕರನ್ನೂ ಕೇಳಿ. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ಶುಲ್ಕವಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರ ನಡೆಸುತ್ತಾರೆ, ಶಿಬಿರ ಮುಗಿಸಿದವರ ನವಜೀವನ ಸಮಿತಿಗಳಿವೆ. ಭಜನೆ, ಪೂಜೆ ಒಗ್ಗುವವರಿಗೆ ಅದು ಆಪ್ತವೆನಿಸೀತು. ತಾಲೂಕಿನ ಯೋಜನಾ ಕಚೇರಿಯಲ್ಲಿ ವಿಚಾರಿಸಿ.

ಎ.ಎ. ಸಭೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು, ಬೇರೆ ಅರ್ಹತೆ ಬೇಕಿಲ್ಲ. ಊರು, ಜಾತಿ, ಮನೆತನ ಕೇಳುವುದಿಲ್ಲ. ಒಬ್ಬೊಬ್ಬರೇ ತಮ್ಮ ಬದುಕಿನ ಮಾತು ಹೇಳುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಅಣ್ಣನಿಗೆ ಮಾತು ಬೇಡವೆನಿಸಿದರೆ ಸುಮ್ಮನೆ ಕುಳಿತು ಕೇಳಿ ಬರಲಿ. ಶುಲ್ಕವಿಲ್ಲ, ಬಾಡಿಗೆ-ಚಹಾದ ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ, ಹೊಸಬರು ಹಾಕಬೇಕಿಲ್ಲ. ದೇವರ ಮಾತು ಬರುತ್ತದೆ, ಆದರೆ ಯಾವ ಧರ್ಮಕ್ಕೂ ಅದು ಸೇರಿದ್ದಲ್ಲ. ಮೊದಲ ಸಲ ನೀವೂ ಜೊತೆಗೆ ಹೋಗುವುದಾದರೆ ಎಲ್ಲರಿಗೂ ತೆರೆದ ಸಭೆ ಯಾವುದೆಂದು ಕೇಳಿ. ಉಳಿದವು ಕುಡಿತ ಬಿಡಬಯಸುವವರಿಗೆ ಮಾತ್ರ.

ಗಿರಣಿಯವರು ಕಂಡಾರು ಎಂಬ ಅಳುಕಿದ್ದರೆ ಕೊಪ್ಪಳವೋ ಹೊಸಪೇಟೆಯೋ ಸಿಂಧನೂರೋ, ಸಭೆ ಇರುವ ಬೇರೆ ಊರಿಗೆ ಹೋಗಲಿ. ಅಷ್ಟು ಬಸ್ ಪ್ರಯಾಣ ವ್ಯರ್ಥವಲ್ಲ ಎಂದೇ ನನ್ನ ಅಭಿಪ್ರಾಯ. ಹೋಗಲಾಗದ ವಾರ ಮೊಬೈಲ್‌ನಲ್ಲಿ ಆನ್‌ಲೈನ್ ಸಭೆಗೂ ಸೇರಬಹುದು. ಒಂದೇ ಸಭೆ ನೋಡಿ ತೀರ್ಮಾನಿಸುವುದು ಬೇಡ, ಕೆಲವು ವಾರ ಬಿಡದೆ ಹೋಗಲಿ. ಹೊರಡುವಾಗ ಒಬ್ಬಿಬ್ಬರು ಸದಸ್ಯರ ಫೋನ್ ನಂಬರ್ ಕೇಳಿ ಪಡೆಯಲಿ. ಬಟವಾಡೆಯ ಸಂಜೆ, ಗವಿಮಠದ ಜಾತ್ರೆ, ನೆಂಟರ ಮದುವೆ, ಇಂತಹ ದಿನಗಳಲ್ಲಿ ಕೈ ಬಾಟಲಿಗೆ ಹೋಗುವ ಮೊದಲು ಆ ನಂಬರಿಗೆ ಕರೆ ಹೋಗಬೇಕು.

ಅಣ್ಣ ಒಪ್ಪದಿದ್ದರೆ ಎಳೆದೊಯ್ಯಬೇಡಿ. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಕೂಟವಿದೆ, ಅಣ್ಣ ಕುಡಿಯುತ್ತಿದ್ದರೂ ಬಿಟ್ಟಿದ್ದರೂ ನೀವು, ಅತ್ತಿಗೆ ಅದಕ್ಕೆ ಸೇರಬಹುದು. ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿದ್ದರೆ ಅವರು ಕುಡಿತ ಬಿಡುವವರೆಗೆ ಕಾಯದೆ ಮಹಿಳಾ ಸಹಾಯವಾಣಿ 181ಕ್ಕೆ ಅಥವಾ 112ಕ್ಕೆ ಕರೆ ಮಾಡಿ.